ಎಲ್ಲ ಉರಿಯೂ ಉಷ್ಣ ಅಲ್ಲ: ಪುಟ್ಟ ಮಕ್ಕಳ ಮೂತ್ರದ ತೊಂದರೆ ಗುರುತಿಸುವುದು, ಸರಿಪಡಿಸುವುದು

ನನ್ನ ಮಗಳಿಗೆ ಆಗ ಐದು ವರ್ಷ. ಆಡುತ್ತಾ ಆಡುತ್ತಾ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿದ್ದಳು. ಒಂದು ಮಂಡಿ ನೆಲಕ್ಕೂರಿ, ಆ ಕಾಲಿನ ಹಿಮ್ಮಡಿ ಮೇಲೆ ಗಟ್ಟಿಯಾಗಿ ಕೂತು, ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಅರ್ಧ ನಿಮಿಷ ಅಷ್ಟೇ. ಆಮೇಲೆ ಏನೂ ಆಗದವಳ ಹಾಗೆ ಎದ್ದು ಓಡುವುದು. "ನೋಡು, ಮಹಾರಾಣಿ ನಮಸ್ಕಾರ ಮಾಡ್ತಿದಾಳೆ" ಅಂತ ಅವಳಪ್ಪ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಸಂಜೆ ಬಟ್ಟೆ ಬದಲಿಸುವಾಗ ಚಡ್ಡಿ ಸ್ವಲ್ಪ ಒದ್ದೆ ಇರುತ್ತಿತ್ತು. ಪೂರ್ತಿ ಅಲ್ಲ, ಅಂಗೈ ಅಗಲ. ಅತ್ತೆ "ಮಗೂಗೆ ಉಷ್ಣ ಆಗಿದೆ" ಅಂತ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರು, ಬಾರ್ಲಿ ನೀರು ಕುಡಿಸಿದರು. ನಾನು "ಎದ್ದು ಹೋಗೋಕೆ ಸೋಮಾರಿತನ" ಅಂತ ಗದರಿದೆ. ಮೂರು ತಿಂಗಳು ಹೀಗೇ ಕಳೆಯಿತು. ಆಮೇಲೆ ಒಂದು ರಾತ್ರಿ 103 ಡಿಗ್ರಿ ಜ್ವರ, ನಡುಕ, ವಾಂತಿ. ಕೆಮ್ಮಿಲ್ಲ, ನೆಗಡಿಯಿಲ್ಲ. ಡಾಕ್ಟರು ಮೊದಲು ಕೇಳಿದ ಪ್ರಶ್ನೆಯೇ, "ಮೂತ್ರ ಹೇಗೆ ಮಾಡ್ತಾಳೆ?"

ನನಗೆ ಗೊತ್ತಿರಲಿಲ್ಲ. ಮಗು ಏನು ತಿಂದಿತು, ಎಷ್ಟು ಮಾರ್ಕ್ಸ್ ಬಂತು ಎಲ್ಲ ಗೊತ್ತು. ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗುತ್ತಾಳೆ ಅಂತ ಗೊತ್ತಿಲ್ಲ.

ಜ್ವರಕ್ಕೆ ಕಾರಣ ಮೂತ್ರದ ಸೋಂಕು ಅಂತ ಆಮೇಲೆ ಗೊತ್ತಾಯಿತು. ನಾನು ಡಾಕ್ಟರ್ ಅಲ್ಲ. ಆಮೇಲಿನ ಒಂದೂವರೆ ವರ್ಷ ಆಸ್ಪತ್ರೆ ಸುತ್ತಿ, ಕೇಳಿ ಕಲಿತದ್ದನ್ನು ಬರೆಯುತ್ತಿದ್ದೇನೆ. "ಉಷ್ಣ", "ಹಟ", "ಸೋಮಾರಿತನ" ಅನ್ನುವ ಮೂರು ಮಾತು ನಮ್ಮ ಮನೆಗಳಲ್ಲಿ ಸದಾ ಸಿದ್ಧವಾಗಿರುತ್ತವೆ. ಆ ಮಾತು ಬಾಯಿಗೆ ಬರುವ ಮೊದಲು ಎರಡು ದಿನ ಮಗುವನ್ನು ಗಮನಿಸಿ ನೋಡಬೇಕು ಅನ್ನುವುದೇ ನನ್ನ ವಾದ.

ಮೊದಲು ಸರಿಯಾದದ್ದು ಯಾವುದು ಅಂತ ತಿಳಿದಿರಲಿ

ಹುಟ್ಟಿದ ಮಗು ಸಾಮಾನ್ಯವಾಗಿ 24 ಗಂಟೆಯೊಳಗೆ ಮೂತ್ರ ಮಾಡುತ್ತದೆ. ಹಾಲು ಸರಿಯಾಗಿ ಕುಡಿಯಲು ಶುರು ಮಾಡಿದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಅಥವಾ ಡೈಪರ್ ಒದ್ದೆಯಾಗಬೇಕು. ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕೇಸರಿ ಕಲೆ ಕಂಡರೆ ರಕ್ತ ಅಂತ ಹೆದರಬೇಡಿ. ಅದು ಹೆಚ್ಚಾಗಿ ಯೂರಿಕ್ ಆಮ್ಲದ ಹರಳು, ಹಾಲು ಜಾಸ್ತಿ ಸಿಕ್ಕ ಹಾಗೆ ಹೋಗುತ್ತದೆ. ನಾಲ್ಕೈದು ದಿನದ ಮೇಲೂ ಕಂಡರೆ ತೋರಿಸಿ.

ಹಗಲು ಚಡ್ಡಿ ಒದ್ದೆ ಮಾಡಿಕೊಳ್ಳದೆ ಇರುವುದು ಎರಡರಿಂದ ನಾಲ್ಕು ವರ್ಷದ ನಡುವೆ ಕೂಡಿಬರುತ್ತದೆ. ರಾತ್ರಿಯದು ತಡ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದು ಕಾಯಿಲೆಯೇ ಅಲ್ಲ.

ಐದಾರು ವರ್ಷದ ಮಗು ದಿನಕ್ಕೆ ನಾಲ್ಕರಿಂದ ಏಳು ಸಲ ಹೋದರೆ ಸರಿ. ಮೂರು ಅಥವಾ ಅದಕ್ಕಿಂತ ಕಡಿಮೆ ಅಂದರೆ ಹಿಡಿದಿಟ್ಟುಕೊಳ್ಳುತ್ತಿದೆ, ಇಲ್ಲವೇ ನೀರೇ ಕುಡಿಯುತ್ತಿಲ್ಲ. ಎಂಟು ಅಥವಾ ಅದಕ್ಕಿಂತ ಜಾಸ್ತಿಯಾದರೂ ಕಾರಣ ಹುಡುಕಬೇಕು. ಮೂತ್ರಚೀಲ ಎಷ್ಟು ಹಿಡಿಯುತ್ತದೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿ. ಐದು ವರ್ಷದ ಮಗುವಿಗೆ ಸುಮಾರು 180 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟಕ್ಕಿಂತ ಸ್ವಲ್ಪ ಜಾಸ್ತಿ.

ಎರಡು ದಿನ ಬರೆದಿಡಿ

ಹಳೆಯ ನೋಟ್‌ಬುಕ್ಕು, ಅಳತೆ ಗೆರೆ ಇರುವ ಒಂದು ಪ್ಲಾಸ್ಟಿಕ್ ಲೋಟ ಸಾಕು. ಲೋಟವನ್ನು ಬಚ್ಚಲಲ್ಲೇ ಇಡಿ, ಅಡುಗೆಮನೆಗೆ ವಾಪಸ್ ತರಬೇಡಿ. ಎಷ್ಟು ಗಂಟೆಗೆ ಹೋಯಿತು, ಎಷ್ಟು ಮಾಡಿತು, ಚಡ್ಡಿ ಒದ್ದೆ ಇತ್ತಾ, ಏನು ಕುಡಿಯಿತು, ಎರಡಕ್ಕೆ ಹೋಯಿತಾ, ಹೋದರೆ ಗಟ್ಟಿಯಾ ಮೆತ್ತಗಾ ಅಂತ ಬರೆಯಿರಿ. ನಮ್ಮ ಪುಸ್ತಕದ ಒಂದು ಶುಕ್ರವಾರ ಹೀಗಿತ್ತು:

ಬೆಳಿಗ್ಗೆ 7.10, 190 ಮಿಲಿ. ಹಾಲು ಒಂದು ಲೋಟ.
8.15 ಶಾಲೆ. ಬಾಟಲಿ 500 ಮಿಲಿ.
ಮಧ್ಯಾಹ್ನ 3.40 ಮನೆಗೆ. ಬ್ಯಾಗ್ ಬಿಸಾಡಿ ಓಡಿದಳು. ಬಾಗಿಲ ಹತ್ತಿರವೇ ಸ್ವಲ್ಪ ಆಯಿತು. ಮಿಕ್ಕಿದ್ದು 240 ಮಿಲಿ. ಬಾಟಲಿಯಲ್ಲಿ ನೀರು ಹಾಗೇ ಇದೆ.
ಎರಡಕ್ಕೆ: ಬುಧವಾರದಿಂದ ಇಲ್ಲ.

ಡಾಕ್ಟರು ಲ್ಯಾಬ್ ರಿಪೋರ್ಟಿಗಿಂತ ಇದನ್ನೇ ಜಾಸ್ತಿ ಹೊತ್ತು ಓದಿದರು. 180 ಹಿಡಿಯುವ ಚೀಲದಲ್ಲಿ 240 ಹಿಡಿದಿಟ್ಟಿದ್ದಳು, ಎಂಟೂವರೆ ಗಂಟೆ. ಕೇಳಿದಾಗ ಗೊತ್ತಾಯಿತು, ಶಾಲೆಯ ಟಾಯ್ಲೆಟ್ಟಿಗೆ ಚಿಲಕ ಇರಲಿಲ್ಲ, ನೆಲ ಸದಾ ಒದ್ದೆ, ವಾಸನೆ. ಅಲ್ಲಿಗೆ ಹೋಗುವುದು ತಪ್ಪಲಿ ಅಂತ ನೀರೇ ಕುಡಿಯುತ್ತಿರಲಿಲ್ಲ. ಹಿಮ್ಮಡಿ ಮೇಲೆ ಕೂರುವ ಆ "ನಮಸ್ಕಾರ" ಕೂಡ ಇದೇ. ಮೂತ್ರ ಬರುವ ದಾರಿಯನ್ನು ಹಿಮ್ಮಡಿಯಿಂದ ಒತ್ತಿ ಹಿಡಿಯುವ ಉಪಾಯ. ಮಕ್ಕಳ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ಭಂಗಿ. ನಿಮ್ಮ ಮಗು ಕಾಲು ಹೊಸೆದುಕೊಂಡು ನಿಂತರೆ, ಕೈಯಿಂದ ಹಿಡಿದುಕೊಂಡು ಕುಣಿದರೆ, ಅದೂ ಇದೇ ಕಥೆ.

ಬರೆಯುವ ಎರಡು ದಿನ ಒಂದು ಸಲ ಮೂತ್ರದ ಧಾರೆಯನ್ನೂ ನೋಡಿ. ಗಂಡು ಮಗುವಾದರೆ ಮುಖ್ಯವಾಗಿ. ಧಾರೆ ದೂರ ಬೀಳಬೇಕು. ತೊಟ್ಟಿಕ್ಕುತ್ತಿದ್ದರೆ, ಮುಕ್ಕಿ ಮುಕ್ಕಿ ಮಾಡುತ್ತಿದ್ದರೆ, ಕಾಯಬೇಡಿ. ಗಂಡು ಮಕ್ಕಳಲ್ಲಿ ಹುಟ್ಟಿನಿಂದಲೇ ಮೂತ್ರನಾಳದೊಳಗೆ ಪೊರೆ ಅಡ್ಡ ಇರುವ ಒಂದು ತೊಂದರೆ ಇದೆ, ಕಿಡ್ನಿ ಹಾಳು ಮಾಡುವಂಥದ್ದು. ಬೇಗ ಗೊತ್ತಾದರೆ ದುರ್ಬೀನು ಹಾಕಿ ಪೊರೆ ತೆಗೆಯುತ್ತಾರೆ. ಸ್ನಾನ ಮಾಡಿಸುವಾಗ ಮಗುವಿನ ಸೊಂಟದ ಕೆಳಗೆ, ಬೆನ್ನು ಮುಗಿಯುವ ಜಾಗವನ್ನೂ ನೋಡಿ. ಅಲ್ಲಿ ಕೂದಲಿನ ಗೊಂಚಲು, ಆಳವಾದ ಕುಳಿ ಅಥವಾ ಗಂಟು ಇದ್ದರೆ ಡಾಕ್ಟರಿಗೆ ತೋರಿಸಿ. ಮೂತ್ರಚೀಲಕ್ಕೆ ಹೋಗುವ ನರಗಳು ಅಲ್ಲಿಂದಲೇ ಹೊರಡುತ್ತವೆ.

ಸೋಂಕು ಇದೆಯಾ ಅಂತ ಅನುಮಾನ ಪಡುವುದು ಯಾವಾಗ

ಮಾತು ಬರುವ ಮಗುವಾದರೆ ಸುಲಭ. ಉರಿ ಅನ್ನುತ್ತದೆ, ಕಿಬ್ಬೊಟ್ಟೆ ನೋವು ಅನ್ನುತ್ತದೆ, ಹತ್ತು ನಿಮಿಷಕ್ಕೊಮ್ಮೆ ಓಡುತ್ತದೆ, ಒಂದು ಚಮಚ ಮಾಡಿ ಬರುತ್ತದೆ. ಒಂದು ವರ್ಷದಿಂದ ಒದ್ದೆ ಮಾಡದಿದ್ದ ಮಗು ಮತ್ತೆ ಮಾಡಲು ಶುರು ಮಾಡುತ್ತದೆ. ಮೂತ್ರ ಮಬ್ಬಾಗಿರುತ್ತದೆ, ಕೆಲವೊಮ್ಮೆ ಕೆಂಪು. (ಹಿಂದಿನ ದಿನ ಬೀಟ್‌ರೂಟ್ ಪಲ್ಯ ಆಗಿತ್ತಾ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ.)

ಕೂಸುಗಳದ್ದೇ ಕಷ್ಟ. ಉರಿ ಅಂತ ಹೇಳಲಾರವು. ಬರೀ ಜ್ವರ, ಹಾಲು ಬೇಡ ಅನ್ನುವುದು, ವಾಂತಿ, ಸುಮ್ನೆ ಅಳು, ತೂಕ ಏರದಿರುವುದು. ಮನೆಯಲ್ಲಿ "ಹಲ್ಲು ಬರ್ತಿದೆ" ಅನ್ನುತ್ತಾರೆ, ಇಲ್ಲ "ದೃಷ್ಟಿ ಆಗಿದೆ" ಅಂತ ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಿ, ಬೇಡ ಅನ್ನುವುದಿಲ್ಲ. ಆದರೆ ಎರಡು ವರ್ಷದೊಳಗಿನ ಮಗುವಿಗೆ ಕಾರಣ ಗೊತ್ತಾಗದ ಜ್ವರ ಇದ್ದರೆ "ಮೂತ್ರ ಟೆಸ್ಟ್ ಮಾಡಿಸೋಣವಾ ಡಾಕ್ಟ್ರೇ?" ಅಂತ ನೀವೇ ಕೇಳಿ.

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಏನೂ ಮಾಡುತ್ತಾ ಕೂರಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮಗು ಎಂಟು ಗಂಟೆಗಿಂತ ಜಾಸ್ತಿ ಹೊತ್ತು ಮೂತ್ರವೇ ಮಾಡದಿದ್ದರೆ, ಜ್ವರದ ಜೊತೆ ಪಕ್ಕೆ ಅಥವಾ ಬೆನ್ನು ನೋವಿದ್ದರೆ, ನೀರೂ ನಿಲ್ಲದ ಹಾಗೆ ವಾಂತಿ ಇದ್ದರೆ, ಮಂಪರಾಗಿ ಬಿದ್ದಿದ್ದರೆ, ಕಾಯುವ ಮಾತೇ ಇಲ್ಲ. ಮೂತ್ರ ಕರಿಕಾಫಿ ಬಣ್ಣಕ್ಕೆ ತಿರುಗಿ ಮುಖ ಊದಿಕೊಂಡಿದ್ದರೂ ತಕ್ಷಣ ತೋರಿಸಿ. ಗಂಟಲು ನೋವು ಅಥವಾ ಚರ್ಮದ ಹುಣ್ಣು ಆಗಿ ಕೆಲವು ವಾರದ ಮೇಲೆ ಕಿಡ್ನಿಗೆ ಬರುವ ತೊಂದರೆ ಅದು.

ಹೆಣ್ಣು ಮಕ್ಕಳಿಗೆ ಸೋಂಕು ಜಾಸ್ತಿ. ಮೂತ್ರನಾಳ ಚಿಕ್ಕದು, ಮಲದ್ವಾರ ಹತ್ತಿರ. ಮೊದಲ ಮೂರು ತಿಂಗಳಲ್ಲಿ ಮಾತ್ರ ಗಂಡು ಮಕ್ಕಳಿಗೇ ಜಾಸ್ತಿ. ಹೆಚ್ಚಿನ ಸಲ ಕಾರಣ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಅದು ನಮ್ಮ ಕರುಳಿನಲ್ಲೇ ವಾಸ ಮಾಡುವಂಥದ್ದು, ದಾರಿ ತಪ್ಪಿ ಇಲ್ಲಿಗೆ ಬಂದಿರುತ್ತದೆ.

ಸ್ಯಾಂಪಲ್ ಹಿಡಿಯುವುದು: ಇಲ್ಲೇ ಹೆಚ್ಚು ಜನ ಎಡವುವುದು

ನಾವೂ ಎಡವಿದೆವು. ಮೊದಲ ಸಲ ಚಡ್ಡಿ ಬಿಚ್ಚಿ ಹಾಗೇ ಡಬ್ಬಿ ಹಿಡಿದೆ. ಬಸ್ ಸ್ಟ್ಯಾಂಡ್ ಪಕ್ಕದ ಲ್ಯಾಬ್ ಇನ್ನೂ ತೆರೆದಿರಲಿಲ್ಲ. ಡಬ್ಬಿಯನ್ನು ಸ್ಕೂಟರ್ ಡಿಕ್ಕಿಯಲ್ಲಿಟ್ಟು ಎರಡೂವರೆ ಗಂಟೆ ಬಿಟ್ಟು ಕೊಟ್ಟೆ. ಏಪ್ರಿಲ್ ಬಿಸಿಲು. ಮೂರು ದಿನಕ್ಕೆ ರಿಪೋರ್ಟ್ ಬಂತು: ಮಿಕ್ಸ್ಡ್ ಗ್ರೋತ್. ಅಂದರೆ ಹಲವು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಸ್ಯಾಂಪಲ್ಲೇ ಕೆಟ್ಟಿದೆ, ಮತ್ತೆ ಕೊಡಿ ಅಂತ. ಅಷ್ಟರಲ್ಲಿ ಆಂಟಿಬಯೋಟಿಕ್ ಶುರುವಾಗಿಬಿಟ್ಟಿತ್ತು. ಔಷಧಿ ಬಿದ್ದ ಮೇಲೆ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿದರೆ ಸೋಂಕಿದ್ದರೂ ಏನೂ ಬೆಳೆಯದೆ ಹೋಗಬಹುದು. ಆದ್ದರಿಂದ ಮೊದಲು ಸ್ಯಾಂಪಲ್, ಆಮೇಲೆ ಔಷಧಿ.

ಹೇಳಿದರೆ ಕೇಳುವ ಮಗುವಾದರೆ ಹೀಗೆ ಮಾಡಿ. ನಿಮ್ಮ ಕೈ ತೊಳೆಯಿರಿ. ಮಗುವಿನ ಮೂತ್ರದ ಜಾಗವನ್ನು ಬರೀ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಸೋಪು, ಡೆಟಾಲ್ ಬೇಡ. ಹೆಣ್ಣು ಮಗುವನ್ನು ಕಮೋಡಿನ ಮೇಲೆ ಹಿಂದುಮುಂದಾಗಿ, ಫ್ಲಶ್ ಟ್ಯಾಂಕಿನ ಕಡೆ ಮುಖ ಮಾಡಿ ಕೂರಿಸಿದರೆ ಕಾಲು ತಾನಾಗಿ ಅಗಲವಾಗುತ್ತದೆ. ಗಂಡು ಮಗುವಿನ ಮುಂದೊಗಲನ್ನು ಸುಲಭಕ್ಕೆ ಎಷ್ಟು ಹಿಂದೆ ಹೋಗುತ್ತದೋ ಅಷ್ಟು ಸರಿಸಿದರೆ ಸಾಕು, ಬಲವಂತ ಬೇಡ. ಮೊದಲು ಸ್ವಲ್ಪ ಬಿಡಲಿ, ನಡುವಿನ ಧಾರೆಗೆ ಡಬ್ಬಿ ಹಿಡಿಯಿರಿ. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಬಾರದು. ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿ ಇಡಿ. ಫ್ರೀಜರ್ ಅಲ್ಲ, ಕೆಳಗೆ.

ಕೂಸಿಗೆ ತಾಳ್ಮೆ ಬೇಕು. ಹಾಲು ಕುಡಿದು ಇಪ್ಪತ್ತು ನಿಮಿಷ ಆದ ಮೇಲೆ ತೊಳೆದು, ಬರಿಮೈಯಲ್ಲಿ ಮಲಗಿಸಿ. ಶುಭ್ರವಾದ ಗಾಜ್ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಕಿಬ್ಬೊಟ್ಟೆಯ ಮೇಲೆ, ಮೂತ್ರದ ಜಾಗಕ್ಕಿಂತ ಸ್ವಲ್ಪ ಮೇಲೆ, ಮೆಲ್ಲಗೆ ಸುತ್ತ ಉಜ್ಜಿ. ಹಲವು ಕೂಸುಗಳು ಐದು ನಿಮಿಷದಲ್ಲಿ ಮಾಡುತ್ತವೆ. ಇನ್ನೊಬ್ಬರು ಡಬ್ಬಿ ಹಿಡಿದು ಕಾಯುತ್ತಿರಬೇಕು. ಮುಖಕ್ಕೇ ಚಿಮ್ಮಿದರೆ ಬೇಜಾರು ಬೇಡ, ಎಲ್ಲರಿಗೂ ಆಗುವುದೇ.

ಕೆಲವು ಕಡೆ ಮಗುವಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಅದರಲ್ಲಿ ಬಂದ ಮೂತ್ರದಲ್ಲಿ ಏನೂ ಇಲ್ಲ ಅಂದರೆ ನಂಬಬಹುದು. ಸೋಂಕಿದೆ ಅಂದರೆ ನಂಬುವ ಹಾಗಿಲ್ಲ, ಚರ್ಮದ ಕೊಳೆ ಸೇರಿರುತ್ತದೆ. ಅದಕ್ಕೇ ಜ್ವರ ಬಂದ ಕೂಸಿಗೆ ಡಾಕ್ಟರು ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯುತ್ತೇವೆ ಅಂದರೆ ಜಗಳ ಮಾಡಬೇಡಿ. ಎರಡು ನಿಮಿಷದ ಅಳು, ಆದರೆ ಉತ್ತರ ಸರಿಯಾಗಿ ಸಿಗುತ್ತದೆ.

ಎರಡು ರಿಪೋರ್ಟ್ ಬರುತ್ತವೆ. ಮೊದಲನೆಯದು ಅದೇ ದಿನ, "ಪಸ್ ಸೆಲ್ಸ್", ಅಂದರೆ ಕೀವಿನ ಕಣ, ಎಷ್ಟು ಅಂತ. ಐದಕ್ಕಿಂತ ಜಾಸ್ತಿಯಿದ್ದರೆ ಅನುಮಾನ, ಅಷ್ಟೇ, ತೀರ್ಪಲ್ಲ. ಬೇರೆ ಜ್ವರದಲ್ಲೂ ಏರುತ್ತದೆ. ತೀರ್ಪು ಕೊಡುವುದು ಎರಡನೆಯದು, ಕಲ್ಚರ್. ಅದಕ್ಕೆ ಎರಡು ಮೂರು ದಿನ ಬೇಕು. ನಡುಧಾರೆಯ ಸ್ಯಾಂಪಲ್ಲಿನಲ್ಲಿ ಒಂದೇ ಬಗೆಯ ಬ್ಯಾಕ್ಟೀರಿಯಾ ಒಂದು ಮಿಲಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಬೆಳೆದಿದ್ದರೆ ಸೋಂಕು. ಕೆಳಗೆ ಔಷಧಿಗಳ ಪಟ್ಟಿ ಇರುತ್ತದೆ, ಪಕ್ಕದಲ್ಲಿ ಎಸ್ ಅಥವಾ ಆರ್. ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ರಿಪೋರ್ಟ್ ಬಂದ ದಿನ ಡಾಕ್ಟರಿಗೆ ತೋರಿಸಿ, ಈಗ ಕೊಡುತ್ತಿರುವ ಔಷಧಿ ಎಸ್ ಪಟ್ಟಿಯಲ್ಲಿದೆಯಾ ಅಂತ ಕೇಳಿ. ಇದನ್ನು ಕೇಳದೆ ಬಿಡುವವರೇ ಜಾಸ್ತಿ.

ಔಷಧಿ ಕೊಡುವಾಗ

ಜ್ವರವಿಲ್ಲದ, ಬರೀ ಮೂತ್ರಚೀಲದ ಸೋಂಕಾದರೆ ಕೆಲವೇ ದಿನದ ಸಿರಪ್ಪು ಸಾಕಾಗುತ್ತದೆ. ಜ್ವರ ಇದ್ದರೆ ಸೋಂಕು ಕಿಡ್ನಿವರೆಗೆ ಹತ್ತಿದೆ ಅಂತ ಲೆಕ್ಕ, ಏಳರಿಂದ ಹತ್ತು ದಿನ ಬೇಕಾಗುತ್ತದೆ. ತೀರಾ ಚಿಕ್ಕ ಕೂಸಿಗೆ, ವಾಂತಿ ನಿಲ್ಲದ ಮಗುವಿಗೆ ಅಡ್ಮಿಟ್ ಮಾಡಿ ರಕ್ತನಾಳದ ಮೂಲಕ ಕೊಡುತ್ತಾರೆ.

ಸರಿಯಾದ ಔಷಧಿ ಬಿದ್ದರೆ ಎರಡು ದಿನಕ್ಕೆ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಕೋರ್ಸ್ ಮುಗಿಯಲಿ ಅಂತ ಕಾಯದೆ ವಾಪಸ್ ಹೋಗಿ. ಇಳಿದರೆ ನಿಲ್ಲಿಸಲೂಬೇಡಿ. ಹೋದ ಸಲದ ಸಿರಪ್ಪು ಫ್ರಿಜ್ಜಿನಲ್ಲಿ ಉಳಿದಿದ್ದರೆ ಅದನ್ನು ಈ ಸಲ ಕುಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ನೀರು ಬೆರೆಸಿದ ಸಿರಪ್ಪಿಗೆ ಆಯುಷ್ಯ ಕೆಲವೇ ದಿನ.

ಬಾರ್ಲಿ ನೀರು, ಎಳನೀರು, ಜೀರಿಗೆ ನೀರು, ಮಜ್ಜಿಗೆ? ದೊಡ್ಡ ಮಗುವಿಗೆ ಧಾರಾಳವಾಗಿ ಕೊಡಿ. ಮೂತ್ರ ತಿಳಿಯಾಗುತ್ತದೆ, ಉರಿ ಕಡಿಮೆಯಾಗುತ್ತದೆ. ಅತ್ತೆಯ ಮಾತಿನಲ್ಲಿ ಅಷ್ಟು ನಿಜ ಇತ್ತು. ಆದರೆ ಇವು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೊಡುವ, ಉರಿ ಕಡಿಮೆ ಮಾಡುವ ಗುಲಾಬಿ ಸಿರಪ್ಪೂ ಕೊಲ್ಲುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಇದು ಯಾವುದೂ ಬೇಡ, ಹಾಲು ಮಾತ್ರ. ಜ್ವರಕ್ಕೆ ಡಾಕ್ಟರು ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು.

ಗುಣವಾದ ಮೇಲೆ ಜ್ವರವಿಲ್ಲ, ಉರಿಯಿಲ್ಲ, ಆದರೂ ತಿಂಗಳಿಗೊಮ್ಮೆ ಕಲ್ಚರ್ ಮಾಡಿಸಿ ನೋಡೋಣ ಅನ್ನುವವರಿದ್ದಾರೆ. ಬೇಕಿಲ್ಲ. ತೊಂದರೆ ಕೊಡದ ಬ್ಯಾಕ್ಟೀರಿಯಾ ಸಿಕ್ಕಿ, ಬೇಡದ ಔಷಧಿ ಹೊಟ್ಟೆಗೆ ಹೋಗುತ್ತದೆ.

ಸ್ಕ್ಯಾನ್ ಯಾಕೆ

ಚಿಕ್ಕ ಮಗುವಿಗೆ ಸೋಂಕಾದರೆ ಹೊಟ್ಟೆಯ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ. ನೋವಿಲ್ಲ, ವಿಕಿರಣ ಇಲ್ಲ, ಮಾಡಿಸಿ. ಕಿಡ್ನಿ ಊದಿದೆಯಾ, ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಉಳಿಯುತ್ತದಾ ಅಂತ ಗೊತ್ತಾಗುತ್ತದೆ. ಅದರಲ್ಲಿ ಏನಾದರೂ ಕಂಡರೆ, ಸೋಂಕು ಮರುಕಳಿಸಿದರೆ, ಮುಂದಿನ ಪರೀಕ್ಷೆ. ಎಂ.ಸಿ.ಯು. ಅನ್ನುವುದರಲ್ಲಿ ಚೀಲಕ್ಕೆ ನಳಿಕೆಯಿಂದ ದ್ರವ ತುಂಬಿ, ಮಗು ಮೂತ್ರ ಮಾಡುವಾಗ ಎಕ್ಸ್‌ರೇ ತೆಗೆಯುತ್ತಾರೆ. ಮೂತ್ರ ಕೆಳಗೆ ಹೋಗುವ ಬದಲು ಕಿಡ್ನಿ ಕಡೆಗೆ ವಾಪಸ್ ಹೋಗುವುದು ಇದರಲ್ಲಿ ಕಾಣುತ್ತದೆ. ಇದಕ್ಕೆ ಒಂದರಿಂದ ಐದರವರೆಗೆ ದರ್ಜೆ ಇದೆ. ಒಂದು, ಎರಡು ಅಂದರೆ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿ ಸರಿಹೋಗುತ್ತದೆ. ಮೇಲಿನ ದರ್ಜೆಗೆ ದಿನವೂ ಸ್ವಲ್ಪ ಔಷಧಿ, ಕೆಲವರಿಗೆ ಆಪರೇಷನ್. ಡಿ.ಎಂ.ಎಸ್.ಎ. ಸ್ಕ್ಯಾನ್ ಕಿಡ್ನಿಯಲ್ಲಿ ಗಾಯದ ಕಲೆ ಉಳಿದಿದೆಯಾ ಅಂತ ನೋಡಲು, ಸೋಂಕು ವಾಸಿಯಾಗಿ ನಾಲ್ಕರಿಂದ ಆರು ತಿಂಗಳ ಮೇಲೆ.

ಅಂಗನವಾಡಿ, ಸರ್ಕಾರಿ ಶಾಲೆಗೆ ಹೋಗುವ ಮಗುವಾದರೆ ಅಲ್ಲಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿ. 2013ರಿಂದ ನಡೆಯುತ್ತಿರುವ ಯೋಜನೆ ಅದು, ಮಕ್ಕಳನ್ನು ತಪಾಸಣೆ ಮಾಡಿ ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುತ್ತಾರೆ.

ಹಿಡಿದಿಡುವ ಅಭ್ಯಾಸ ಬಿಡಿಸುವುದು

ಸೋಂಕು ಹತ್ತು ದಿನದ ಕೆಲಸ. ಇದು ಆರು ತಿಂಗಳ ಕೆಲಸ. ಇದನ್ನು ಮಾಡದಿದ್ದರೆ ಸೋಂಕು ಮತ್ತೆ ಬರುತ್ತದೆ.

ಮೊದಲು ಹೊಟ್ಟೆ ಸರಿಮಾಡಿ. ನಮಗೆ ಇದು ಆಶ್ಚರ್ಯ. ಮೂತ್ರದ ತೊಂದರೆಗೆ ಹೋದರೆ ಡಾಕ್ಟರು ಮಲಬದ್ಧತೆಗೆ ಔಷಧಿ ಬರೆದರು. ದೊಡ್ಡ ಕರುಳಿನ ಕೊನೆಯ ಭಾಗ ಮೂತ್ರಚೀಲದ ಹಿಂದೆಯೇ ಇದೆ. ಅದರಲ್ಲಿ ಕಲ್ಲಿನಂತೆ ಮಲ ತುಂಬಿಕೊಂಡರೆ ಚೀಲಕ್ಕೆ ಹಿಗ್ಗಲು ಜಾಗವಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮಲ ಮೆತ್ತಗೆ ಮಾಡುವ ಔಷಧಿಯನ್ನು ವಾರಕ್ಕೆ ನಿಲ್ಲಿಸಬೇಡಿ, ತಿಂಗಳುಗಟ್ಟಲೆ ಬೇಕಾಗುತ್ತದೆ, ಅಭ್ಯಾಸವಾಗಿಬಿಡುತ್ತದೆ ಅನ್ನುವ ಭಯ ಬೇಡ. ಜೊತೆಗೆ ಪರಂಗಿ ಹಣ್ಣು, ಸೊಪ್ಪಿನ ಸಾರು, ರಾಗಿ, ಹೆಸರುಕಾಳು. ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ನಮ್ಮವಳು ಊಟ ಬಿಟ್ಟು ಮುಕ್ಕಾಲು ಲೀಟರ್ ಕುಡಿಯುತ್ತಿದ್ದಳು, ನಾವು ಒಳ್ಳೆಯದು ಅಂದುಕೊಂಡಿದ್ದೆವು. ತಿಂಡಿಯಾದ ಮೇಲೆ ಐದು ನಿಮಿಷ ಕೂರಿಸಿ. ಹೊಟ್ಟೆಗೆ ಬಿದ್ದ ಕೂಡಲೇ ಕರುಳು ತಾನಾಗಿ ಎಚ್ಚರವಾಗುತ್ತದೆ.

ಎರಡನೆಯದು ಕೂರುವ ರೀತಿ. ಇಂಡಿಯನ್ ಟಾಯ್ಲೆಟ್ಟಾದರೆ ಕುಕ್ಕರಗಾಲು ಒಳ್ಳೆಯದೇ. ಕಮೋಡಾದರೆ ಮಗುವಿನ ಕಾಲು ಗಾಳಿಯಲ್ಲಿ ತೂಗಾಡುತ್ತದೆ, ಬೀಳುತ್ತೇನೆ ಅನ್ನುವ ಭಯಕ್ಕೆ ಮೈ ಬಿಗಿಹಿಡಿಯುತ್ತದೆ, ಮೂತ್ರ ಅರ್ಧಕ್ಕೇ ನಿಲ್ಲುತ್ತದೆ. ಕಾಲ ಕೆಳಗೆ ಒಂದು ಮಣೆ ಅಥವಾ ಸ್ಟೂಲ್ ಇಡಿ, ಚಿಕ್ಕ ಸೀಟು ಹಾಕಿ. ಹೆಣ್ಣು ಮಕ್ಕಳು ಚಡ್ಡಿಯನ್ನು ಮಂಡಿಯಲ್ಲೇ ಬಿಟ್ಟು ಕಾಲು ಜೋಡಿಸಿ ಕೂತರೆ ಮೂತ್ರ ಒಳಗೆ ಸ್ವಲ್ಪ ಸೇರಿಕೊಂಡು ಎದ್ದ ಮೇಲೆ ಸೋರುತ್ತದೆ. ಚಡ್ಡಿಯನ್ನು ಪಾದದವರೆಗೆ ಇಳಿಸಿ, ಕಾಲು ಅಗಲಿಸಿ ಕೂರಿಸಿದರೆ ಅಷ್ಟಕ್ಕೇ ನಿಲ್ಲುತ್ತದೆ. ಮಾಡಿ ಮುಗಿದ ಮೇಲೆ "ಇಪ್ಪತ್ತರವರೆಗೆ ಎಣಿಸು, ಇನ್ನೊಂದು ಸಲ ಟ್ರೈ ಮಾಡು" ಅನ್ನಿ. ಮಗಳು ಎರಡನೇ ಸಲದಲ್ಲಿ 40 ಮಿಲಿ ಮಾಡಿದ ದಿನ ನನಗೆ ನಂಬಲಾಗಲಿಲ್ಲ.

ಮೂರನೆಯದು ಹೊತ್ತಿಗೆ ಸರಿಯಾಗಿ ಕಳಿಸುವುದು. ಎರಡು, ಎರಡೂವರೆ ಗಂಟೆಗೊಮ್ಮೆ, ಬರಲಿ ಬಿಡಲಿ. "ಬರ್ತಿದೆಯಾ ಪುಟ್ಟಿ?" ಅಂತ ಕೇಳಬೇಡಿ. ಉತ್ತರ ಯಾವಾಗಲೂ "ಇಲ್ಲ". "ಟೈಮ್ ಆಯ್ತು, ಹೋಗಿ ಬಾ" ಅನ್ನಿ. ಏಳುವಾಗ, ತಿಂಡಿಗೆ ಮುಂಚೆ, ಆಟಕ್ಕೆ ಹೋಗುವ ಮುಂಚೆ, ಮಲಗುವ ಮುಂಚೆ ಅಂತ ದಿನಚರಿಗೆ ಗಂಟು ಹಾಕಿದರೆ ಗಡಿಯಾರವೂ ಬೇಡ.

ನೀರು ಕಡಿಮೆ ಮಾಡಿದರೆ ಒದ್ದೆ ಕಡಿಮೆಯಾಗುತ್ತದೆ ಅನ್ನುವುದು ಉಲ್ಟಾ ಲೆಕ್ಕ. ಗಾಢ ಮೂತ್ರ ಚೀಲವನ್ನು ಕೆಣಕುತ್ತದೆ. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ ಒಂದು ಲೀಟರಿನಿಂದ ಒಂದೂಕಾಲು, ಒಂದೂವರೆ ಲೀಟರ್ ಹತ್ತಿರ ಪಾನೀಯ ಬೇಕು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಟೀ, ಕಾಫಿ ಬೇಡ. ಚಿಕ್ಕ ಲೋಟದಲ್ಲಿ "ಒಂಚೂರು" ಕೊಡುವ ಅಜ್ಜಂದಿರಿಗೂ ಹೇಳಿ.

ಶಾಲೆಯಲ್ಲಿ ಮಿಸ್ಸಿಗೆ ಹೇಳದೆ ಇದು ಆಗುವುದಿಲ್ಲ. ಡಾಕ್ಟರಿಂದ ಎರಡು ಸಾಲು ಬರೆಸಿಕೊಳ್ಳಿ: ಮಗು ಕೇಳಿದಾಗ ಬಿಡಬೇಕು, ಕೇಳದಿದ್ದರೂ ಹತ್ತೂವರೆಗೆ ಮತ್ತು ಊಟಕ್ಕೆ ಬಿಟ್ಟಾಗ ಕಳಿಸಬೇಕು. ತರಗತಿಯ ಎದುರು ಹೇಳಬೇಡಿ, ಮಿಸ್ಸನ್ನು ಪಕ್ಕಕ್ಕೆ ಕರೆದು ಹೇಳಿ. ಚಿಲಕದ ವಿಷಯವನ್ನು ಪೋಷಕರ ಸಭೆಯಲ್ಲಿ ಎತ್ತಿ. ನಾವು ನಾಲ್ಕು ಜನ ತಾಯಂದಿರು ಸೇರಿ ಎತ್ತಿದ ಮೇಲೆ ಒಂದು ವಾರಕ್ಕೆ ಚಿಲಕ ಬಂತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವುದು ಶುರುವಾಗಿ ಸುದ್ದಿಯಾಯಿತು, ನಮ್ಮ ರಾಜ್ಯದಲ್ಲೂ ಅದನ್ನು ಅನುಸರಿಸಲು ಹೇಳಿದರು. ನಿಮ್ಮ ಶಾಲೆಯಲ್ಲಿ ಆ ಗಂಟೆ ಇನ್ನೂ ಬಾರಿಸುತ್ತದಾ ಅಂತ ವಿಚಾರಿಸಿ. ನೀರಿನ ಗಂಟೆ ಇದ್ದು ಟಾಯ್ಲೆಟ್ ಕೊಳಕಿದ್ದರೆ ಅರ್ಧ ಕೆಲಸ, ಅಲ್ವಾ?

ಸೋಂಕಲ್ಲ, ಆದರೆ ಸೋಂಕಿನ ಹಾಗೇ ಕಾಣುವವು

ನಾಲ್ಕೈದು ವರ್ಷದ ಮಗು ಇದ್ದಕ್ಕಿದ್ದಂತೆ ಕಾಲು ಗಂಟೆಗೊಮ್ಮೆ ಹೋಗಲು ಶುರು ಮಾಡುತ್ತದೆ. ಉರಿಯಿಲ್ಲ, ಟೆಸ್ಟ್ ಸರಿಯಿದೆ, ರಾತ್ರಿ ನಿದ್ದೆಯಲ್ಲಿ ಒಂದು ಸಲವೂ ಏಳುವುದಿಲ್ಲ. ಹೊಸ ಶಾಲೆ, ಹೊಸ ತಮ್ಮ, ಮನೆಯಲ್ಲಿ ಸಾವು ಇಂಥದ್ದರ ಬೆನ್ನಿಗೆ ಬರುವುದುಂಟು. ಕೆಲವು ವಾರ, ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಎಣಿಸಿ ಎಣಿಸಿ ಮಗುವನ್ನು ಹೆದರಿಸಬೇಡಿ.

ರಾತ್ರಿ ಹಿಂಭಾಗ ಕೆರೆದುಕೊಂಡು ಏಳುವ ಮಗುವಿಗೆ ಕ್ರಿಮಿ ಇರಬಹುದು. ಹೆಣ್ಣು ಮಕ್ಕಳಲ್ಲಿ ಅದು ಮುಂದಕ್ಕೂ ಹರಿದು ಉರಿ ಮಾಡುತ್ತದೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ನೊರೆ ಸೋಪಿನ ನೀರಲ್ಲಿ ಗಂಟೆಗಟ್ಟಲೆ ಕೂತರೂ ಉರಿಯಾಗುತ್ತದೆ.

ಗಂಡು ಮಗುವಿನ ಮುಂದೊಗಲು ಹಿಂದೆ ಸರಿಯದಿರುವುದು ಚಿಕ್ಕ ವಯಸ್ಸಿನಲ್ಲಿ ಸಹಜ. ಎಣ್ಣೆ ಹಚ್ಚಿ ಎಳೆಯುವ ಅಜ್ಜಿಯರನ್ನು ದಯವಿಟ್ಟು ತಡೆಯಿರಿ. ಗಾಯವಾಗಿ, ಆಮೇಲೆ ನಿಜವಾಗಿಯೂ ಅಂಟಿಕೊಳ್ಳುತ್ತದೆ.

ಒಂದನ್ನು ಮಾತ್ರ ಮರೆಯಬೇಡಿ. ಒದ್ದೆ ಮಾಡದ ಮಗು ಮತ್ತೆ ಮಾಡತೊಡಗಿ, ಜೊತೆಗೆ ತುಂಬಾ ಬಾಯಾರಿಕೆ, ತೂಕ ಇಳಿಯುವುದು, ಮೂತ್ರ ಬಿದ್ದ ಜಾಗಕ್ಕೆ ಇರುವೆ ಮುತ್ತುವುದು ಕಂಡರೆ ಅದೇ ದಿನ ಬೆರಳು ಚುಚ್ಚಿ ಸಕ್ಕರೆ ನೋಡಿಸಿ. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ದಿನಗಳಲ್ಲೇ ಕೈಮೀರುತ್ತದೆ.

ಇನ್ನೊಂದು, ಹೇಳಲು ಕಷ್ಟವಾದದ್ದು. ಇದ್ದಕ್ಕಿದ್ದಂತೆ ಒದ್ದೆ, ಆ ಜಾಗದಲ್ಲಿ ನೋವು, ಜೊತೆಗೆ ಒಬ್ಬರನ್ನು ಕಂಡರೆ ಹೆದರಿಕೆ ಇದ್ದರೆ ಮಗು ಹೇಳುವುದನ್ನು ನಂಬಿ, ಸಮಾಧಾನವಾಗಿ ಕೇಳಿ. ಮಕ್ಕಳ ಸಹಾಯವಾಣಿ 1098.

ರಾತ್ರಿಯ ಹಾಸಿಗೆ

ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. ಅಪ್ಪ ಅಥವಾ ಅಮ್ಮ ಚಿಕ್ಕವರಿದ್ದಾಗ ಮಾಡುತ್ತಿದ್ದರೆ ಮಗುವಿಗೂ ಸಾಧ್ಯತೆ ಜಾಸ್ತಿ. ಮದುವೆ ಮನೆಯಲ್ಲಿ ಚಾಪೆ ತೋರಿಸಿ ನಗುವ ದೊಡ್ಡಪ್ಪನಿಗೆ ಅವರಮ್ಮನನ್ನೇ ಕೇಳಿ ನೋಡಲು ಹೇಳಿ. ಒದ್ದೆ ನಿಲ್ಲಲಿ ಅಂತ ಎಳ್ಳು ಬೆಲ್ಲ ತಿನ್ನಿಸುವವರಿದ್ದಾರೆ. ಕೊಡಿ, ರುಚಿಗೆ. ಬೈಗುಳ, ಹೊಡೆತ, ಬರೆ ಹಾಕುವ ಬೆದರಿಕೆ ಯಾವುದೂ ನಿದ್ದೆಯಲ್ಲಿರುವ ಮಗುವಿಗೆ ತಲುಪುವುದಿಲ್ಲ.

ಸಂಜೆ ಏಳರ ಮೇಲೆ ನೀರು ಕಡಿಮೆ, ಮಲಗುವ ಮುಂಚೆ ಎರಡು ಸಲ ಕಳಿಸುವುದು, ಹಾಸಿಗೆಗೆ ರಬ್ಬರ್ ಶೀಟು. ಆರೇಳು ವರ್ಷ ದಾಟಿದರೆ, ಮಗುವಿಗೂ ಬೇಸರವಾಗುತ್ತಿದ್ದರೆ, ಡಾಕ್ಟರ ಹತ್ತಿರ ಎರಡು ದಾರಿ ಇವೆ. ಒದ್ದೆ ತಾಗಿದ ಕೂಡಲೇ ಕೂಗುವ ಅಲಾರಂ ಒಂದು, ಎರಡು ಮೂರು ತಿಂಗಳು ಹಿಡಿಯುತ್ತದೆ. ರಾತ್ರಿ ಮೂತ್ರ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಮಾತ್ರೆ ಇನ್ನೊಂದು. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಬೆಳಗಿನವರೆಗೆ ನೀರು ಕುಡಿಸುವಂತಿಲ್ಲ, ಕುಡಿಸಿದರೆ ರಕ್ತದಲ್ಲಿ ಉಪ್ಪಿನಂಶ ಅಪಾಯದಷ್ಟು ಇಳಿಯಬಹುದು. ಪ್ರವಾಸಕ್ಕೆ, ನೆಂಟರ ಮನೆಗೆ ಅಂತ ಕೆಲವರು ಮಾತ್ರೆ ಇಟ್ಟುಕೊಳ್ಳುತ್ತಾರೆ.

ಒಮ್ಮೆ ಜ್ವರದ ಸೋಂಕಾಗಿದ್ದ ಮಗುವಿಗೆ ಮುಂದಿನ ಸಲ ಜ್ವರ ಬಂದರೆ, ನೆಗಡಿ ಇಲ್ಲದಿದ್ದರೆ, ಅದೇ ದಿನ ಮೂತ್ರ ಪರೀಕ್ಷೆಗೆ ಕೊಡಿ. ಹಳೆಯ ಕಲ್ಚರ್ ರಿಪೋರ್ಟು, ಅಲ್ಟ್ರಾಸೌಂಡ್ ಫಿಲ್ಮು, ಆ ನೋಟ್‌ಬುಕ್ಕು ಎಲ್ಲ ಒಂದೇ ಫೈಲಿನಲ್ಲಿರಲಿ. ನಮ್ಮನೆಯಲ್ಲಿ ಫೈಲಿನ ಜೊತೆ ಎರಡು ಖಾಲಿ ಸ್ಯಾಂಪಲ್ ಡಬ್ಬಿಯೂ ಇರುತ್ತವೆ, ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸೀಲು ಹಾಕಿದವು. ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ಡಬ್ಬಿ ಹುಡುಕುತ್ತಾ ಊರು ಸುತ್ತುವುದು ತಪ್ಪುತ್ತದೆ.